ಸಣ್ಣ ಕೋವಿ

ಇದನ್ನು ಕೋವಿ ಅಂದರೆ ಅತ್ತೆ ನಗುತ್ತಾರೆ.
ಕನ್ನಿಕೋಂಬರೆಯ ಗೋಡೆಗೆ ಒರಗಿದೆಯಲ್ಲ, ಅದು ಕೋವಿ.
ಗಂಡು ಹುಟ್ಟಿದರೆ ಒಂದು, ಯಾರಾದರೂ ಸತ್ತರೆ ಎರಡು,
ಊರಿಗೆ ಊರೇ ಕೆಲಸ ನಿಲ್ಲಿಸಿ ಎಣಿಸುವ ಸದ್ದು.
ಇದೋ, ಬರೇ ಗಾಳಿ.
ಮಡಚಿದರೆ ನನ್ನ ಮೊಣಕಾಲಿನ ಹಾಗೆ ಕಟಕ್ ಅನ್ನುತ್ತದೆ,
ಬಿಟ್ಟರೆ ಯಾರೋ ಹಲ್ಲಿನ ಸಂದಿಯಿಂದ ಉಗಿದ ಹಾಗೆ.

ಅಮ್ಮತ್ತಿಯ ಮೊಯ್ದು ಅಂಗಡಿಯಲ್ಲಿ ಗುಂಡು ಕೊಂಡೆ.
ತಗಡಿನ ಡಬ್ಬಿ, ಅಲುಗಿಸಿದರೆ ಹೆಸರುಕಾಳಿನ ಸದ್ದು.
"ಯಾರಿಗೆ ಟೀಚರ್?" ಅಂದ.
"ಪಾರಿವಾಳಕ್ಕೆ."
"ಪಾಪ," ಅಂದ, ಚಿಲ್ಲರೆ ಎಣಿಸುತ್ತ.
ಯಾರು ಪಾಪ ಅಂತ ಹೇಳಲಿಲ್ಲ.

ನನ್ನ ಹತ್ತಿರವೂ ಲೆಕ್ಕ ಇದೆ.
ಹಿತ್ತಲ ಗೋದಾಮಿನ ತೊಲೆಯ ಮೇಲೆ ಹನ್ನೊಂದು ಗೂಡು,
ಕೆಳಗೆ ಬೆಲೆಗೆ ಕಾದು ಕೂತ ಹದಿನೆಂಟು ಮೂಟೆ ಕಾಫಿಯ ಮೇಲೆ
ಸುಣ್ಣ ಹೊಡೆದ ಹಾಗೆ ಹಿಕ್ಕೆ.
ವ್ಯಾಪಾರಿ ಮೂಸಿ ನೋಡಿ ಮೂಟೆಗೆ ನೂರು ಇಳಿಸಿದ.
ಬಲೆ ಕಟ್ಟಿದೆ, ಬಲೆಯ ಮೇಲೇ ಮೊಟ್ಟೆಯಿಟ್ಟವು.
ಹಳೇ ಸಿ.ಡಿ. ತೂಗುಹಾಕಿದೆ,
ಅದರಲ್ಲಿ ಮುಖ ನೋಡಿಕೊಂಡವು.

ಮೊದಲ ದಿನ ಎರಡು ಬಿದ್ದವು.
ಕೊಕ್ಕಿನ ತುದಿಗೆ ಒಂದೇ ಹನಿ, ಕಾಳುಮೆಣಸಿನಷ್ಟು.
ಕತ್ತಿನ ಹಸಿರು, ನೇರಳೆ
ಮಾತ್ರ ಸಾಯಲು ಸ್ವಲ್ಪ ತಡ ಮಾಡಿದವು.
ಅತ್ತೆ ಕಾಚಂಪುಳಿ ಬಿಟ್ಟು ಹುರಿದರು. ತಿಂದೆವು.
ಸುಳ್ಳೇಕೆ, ಚೆನ್ನಾಗಿತ್ತು.
ಅತ್ತೆಯ ತಟ್ಟೆಯಲ್ಲಿ ಸೀಸದ ಚೂರೊಂದು ಟಿಣ್ ಅಂತು.

ಆಮೇಲೆ ಅವು ಕಲಿತವು.
ಸೀರೆಯಲ್ಲಿ ಹೋದರೆ ಕದಲುವುದಿಲ್ಲ,
ಟ್ರ್ಯಾಕ್ ಪ್ಯಾಂಟಿನಲ್ಲಿ ಹೋದರೆ ಭರ್ರನೆ ಖಾಲಿ.
ಗುಂಡು ಉಳಿಸೋಣವೆಂದು ಪೊರಕೆಯನ್ನು ಭುಜಕ್ಕಿಟ್ಟು
ಒಂದು ಕಣ್ಣು ಮುಚ್ಚಿ ನಿಂತೆ. ಒಂದು ವಾರ ನಂಬಿದವು.
ಎಂಟನೆಯ ದಿನ ಒಂದು ಮುದಿ ಗಂಡು
ಪೊರಕೆಯನ್ನು ನೋಡಿತು, ನನ್ನನ್ನು ನೋಡಿತು,
ಕತ್ತುಬ್ಬಿಸಿ ಹೆಣ್ಣಿನ ಸುತ್ತ ಕುಣಿಯತೊಡಗಿತು.

ಕಕ್ಕಡ ಕಳೆಯುವ ಹೊತ್ತಿಗೆ
ನಿಜವಾದ ನಳಿಗೆ ಎತ್ತಿದರೂ ಹಾರುತ್ತಿಲ್ಲ.
ಕಟಕ್. ಉಫ್. ತಗಡಿಗೆ ಟಣ್.
ಕೂತಲ್ಲೇ ಕೂತು ರೆಕ್ಕೆಯಡಿ ಕೆರೆದುಕೊಳ್ಳುತ್ತವೆ.
ಗಾಳಿ ಅಂದೆ. ಸ್ಪ್ರಿಂಗ್ ಸಡಿಲ ಅಂದೆ.
ಮೊಯ್ದು ಕೊಟ್ಟ ಗುಂಡೇ ಸೊಟ್ಟ ಅಂದೆ.
ಕೈಲ್ ಪೊಳ್ದಿನಲ್ಲಿ ಗಂಡಸರ ನಡುವೆ ನಿಂತು
ಮೂರು ವರ್ಷ ಸಾಲಾಗಿ ತೆಂಗಿನಕಾಯಿ ಒಡೆದವಳು ನಾನು.

ಶಾಲೆಗೆ ಕಣ್ಣಿನ ಶಿಬಿರ ಬಂತು.
ಸೀಟಿ ಊದಿ ಮಕ್ಕಳ ಸಾಲು ಮುಗಿಸಿ
ತಮಾಷೆಗೆಂದು ನಾನೂ ಕೂತೆ.
"ಎಡಗಣ್ಣು ಮುಚ್ಚಿ ಓದಿ."
ನಾಲ್ಕನೆಯ ಸಾಲಿನ ಮೇಲೆ ಹಾಲಿನ ಕೆನೆ.
"ಪೊರೆ ಬರ್ತಾ ಇದೆ ಮೇಡಂ. ಯಾವಾಗಿಂದ ಹೀಗೆ?"
ಪಾರಿವಾಳಗಳನ್ನು ಕೇಳಿ, ಅಂತ ಬಾಯಿಗೇ ಬಂದಿತ್ತು.

ಆ ಸಂಜೆ ಕೋವಿಯಿಲ್ಲದೆ ಹಿತ್ತಲಿಗೆ ಹೋದೆ.
ಗೋದಾಮಿನ ಪಕ್ಕದ ಕರಿ ಟ್ಯಾಂಕಿನ ಹೊಟ್ಟೆಯಿಂದ
ಹೊಲಿಗೆ ದಾರದಷ್ಟು ನೀರು, ಬಾಗಿ, ಕಲ್ಲಿನ ಮೇಲೆ.
ಕಲ್ಲಿನ ಸುತ್ತ ಪಾರಿವಾಳ, ಹಿಂದೆ ಗೊರವಂಕ,
ತಿರುವಿಗೆ ಕಾಯುವ ಎರಡು ಪಿಕಳಾರ,
ನನ್ನ ಐದನೇ ಕ್ಲಾಸಿಗಿಂತ ಶಿಸ್ತಾಗಿ.
ಎಷ್ಟು ದಿನದಿಂದ ನೀರು ಕುಡಿಸುತ್ತಿದ್ದೆನೋ!

ಇವತ್ತು ಕೈಲ್ ಪೊಳ್ದ್.
ದೊಡ್ಡ ಕೋವಿಗೆ ಎಣ್ಣೆ ಒರೆಸಿ, ಚಂದನದ ಬೊಟ್ಟಿಟ್ಟು,
ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿದೆವು.
ಒಂದು ಹೂ ಉಳಿಯಿತು.
ಅತ್ತೆ ಮೂಲೆಯಲ್ಲಿದ್ದ ಸಣ್ಣದನ್ನು ತಾವೇ ತಂದು ಪಕ್ಕದಲ್ಲಿಟ್ಟರು.
ಅದರ ಬಾಯಿ ತೀರಾ ಕಿರಿದು, ತೊಟ್ಟು ಹೋಗಲಿಲ್ಲ.
ಉಗುರಿನಿಂದ ಸೀಳಿ, ಉಸಿರು ಬಿಗಿಹಿಡಿದು,
ಸೂಜಿಗೆ ದಾರ ಪೋಣಿಸುವ ಹಾಗೆ ಪೋಣಿಸಿದರು.
ಎಪ್ಪತ್ತೆಂಟಾಯಿತು. ಆ ಕಣ್ಣಿಗೆ ಪೊರೆಯಿಲ್ಲ.

ಟ್ಯಾಂಕಿಗೆ ಹಚ್ಚಲು ಎಂ-ಸೀಲ್ ತರಬೇಕು,
ಯಾರಿಗೆ ಟೀಚರ್, ಅಂತ ಕೇಳುತ್ತಾನೆ ಮೊಯ್ದು.
ನಾಳೆ ನೋಡೋಣ.
ಮಧ್ಯಾಹ್ನ ಮಂದ್‌ನಲ್ಲಿ ಸ್ಪರ್ಧೆ, ಹೆಸರು ಕೊಟ್ಟಾಗಿದೆ.
ತೆಂಗಿನಕಾಯಿ ಹಾರುವುದಿಲ್ಲ,
ಅದೊಂದು ಧೈರ್ಯ.