ಎ ಸೈಡ್, ಮೂರನೆಯ ಹಾಡು

ಮದ್ರಾಸ್ ಬಂದರಿನಲ್ಲಿ ಅದಿರು ಸುರಿದು
ಖಾಲಿ ಲಾರಿಯಲ್ಲಿ ಬಳ್ಳಾರಿಗೆ ಮರಳಿದ ಕ್ಲೀನರ್ ಓಬಳೇಶ
ಹರಿದ ಪ್ಯಾಂಟು ಹೊಲಿಸಿಕೊಂಡು, ದುಡ್ಡಿಲ್ಲವೆಂದು
ಈ ಕ್ಯಾಸೆಟ್ಟು ಕೊಟ್ಟು ಹೋದ.
ಎಂಬತ್ತೈದನೆಯ ಇಸವಿ. ಕೌಲ್ ಬಜಾರಿನ ಸಂದಿ.
ಒಂಬತ್ತು ಮಿಷನ್ನು, ಒಂದು ಫ್ಯಾನು.

"ಇದಕ್ಕ ಮೆಟಲ್ ಅಂತಾರಂತ" ಅಂದೆ.
"ಮೆಟಲ್ ಅಂದ್ರ ರೋಡಿಗೆ ಹಾಕೋ ಜಲ್ಲಿ"
ಅಂದರು ಉಸ್ತಾದ್ ಹೊನ್ನೂರಸಾಬ್.
ಹಾಕಿದ ಮೇಲೆ ಎರಡು ನಿಮಿಷ ಕೇಳಿ,
"ನಾ ಅಂದಿದ್ದು ಖರೆ."

ಮೊದಲು ಡ್ರಮ್ಮು. ತಗಡಿನ ಶೆಡ್ಡಿಗೆ
ಓಣಿಯ ಹುಡುಗರೆಲ್ಲ ಸೇರಿ ಕಲ್ಲು ತೂರಿದ ಹಾಗೆ.
ಆಮೇಲೆ ಗಿಟಾರು: ದಪ್ಪ ಸೂಜಿ
ನಾಲ್ಕು ಮಡಿಕೆ ಡೆನಿಮ್ಮಿಗೆ ಸಿಕ್ಕು
ನುಗ್ಗಲಾಗದೆ, ಬಿಡಲೂ ಒಲ್ಲದೆ
ಕೂಗುತ್ತದಲ್ಲ, ಆ ಸದ್ದು.
ಬೇಬಿ, ನೈಟು, ಫೈರು,
ನಮಗೆ ತಿಳಿದಿದ್ದು ಮೂರೇ ಮಾತು.
ಓವರ್‌ಟೈಮಿಗೆ ಎಷ್ಟು ಮಾತು ಬೇಕು?
ವೇಗದ ಹಾಡಿಗೆ ಹನ್ನೊಂದು ಜೇಬು, ನಿಧಾನದ್ದಕ್ಕೆ ಆರು.
ಅಜಾನ್ ಕೇಳಿದರೆ ಉಸ್ತಾದರೇ ಬಟನ್ ಒತ್ತಿ ಹೋಗಿ,
ನಮಾಜು ಮುಗಿಸಿ ಬಂದು
ಅದೇ ಸಾಲಿನ ಅರ್ಧದಿಂದ ಹಾಕುತ್ತಿದ್ದರು.

ಕವರಿನ ಮೇಲೆ ನಾಲ್ವರು ಗಂಡಸರು.
ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ,
ಕರಡಿ ನಿದ್ದೆಯಿಂದೆದ್ದಂಥ ಕೂದಲು.
ಅಂಗಡಿ ಹುಡುಗರು ನಕ್ಕರು, ಅನ್ನಬಾರದ್ದು ಅಂದರು.
ಸೋದರಮಾವ ಗಾದಿಲಿಂಗಪ್ಪ ನಗಲಿಲ್ಲ.
ಇಪ್ಪತ್ತು ವರ್ಷ ಬಯಲಾಟದಲ್ಲಿ ಹೆಣ್ಣುಪಾತ್ರ ಕಟ್ಟಿ
ಬೆಳಗಿನ ಜಾವದ ತನಕ
ಊರ ಗಂಡಸರ ಕಣ್ಣು ಕೀಳದಂತೆ ಕುಣಿದವನು.
ಕವರನ್ನು ಬೆಳಕಿಗೆ ಹಿಡಿದ:
"ಈ ಎಡಗಡಿಯಾವ ಕಾಡಿಗಿ ತಾನಽ ಹಚ್ಚಿಕೊಂಡಾನ.
ಕನ್ನಡಿ ಸಣ್ಣದಿತ್ತು, ಒಂದು ಕಣ್ಣು ಮ್ಯಾಲ ಏರೈತಿ.
ಉಳಿದ ಮೂವರಿಗೂ ಅವನಽ ಬರದಾನ.
ಬಣ್ಣದಾಗ ಎಣ್ಣಿ ಹೆಚ್ಚಾತು, ದೀಪದ ಬಿಸಿಗೆ ಇಳಿತೈತಿ."
ಸ್ವಲ್ಪ ಸುಮ್ಮನಿದ್ದು,
"ಛಲೋ ಕಂಪನಿ" ಅಂದ.

ಉಸ್ತಾದರು ಕನ್ನಡಕ ಏರಿಸಿದರು.
"ಪ್ಯಾಂಟು ನೋಡ್ರಿ. ತೊಡಿ ಸೈಡಿಗೆ ಕೈಹೊಲಿಗಿ,
ದಾರ ಬ್ಯಾರೆ ಬಣ್ಣದ್ದು.
ಈ ಮಿಂಚೋ ಬಟ್ಟಿ ಯಾವುದೋ ಮನಿ ಪರದಾದ್ದು.
ಈ ಮಕ್ಕಳ ಹತ್ರ ರೊಕ್ಕ ಇಲ್ಲ."

ಆಮೇಲೆ ಹಾಡಿನಲ್ಲೂ ಅದೇ ಕೇಳತೊಡಗಿತು ನನಗೆ.
ಒಂದೇ ಕೋಣೆ, ಎಲ್ಲರೂ ಒಟ್ಟಿಗೆ,
ತಪ್ಪಾದರೆ ಮತ್ತೆ ಬಾರಿಸಲು ಬಾಡಿಗೆಯಿಲ್ಲ,
ತಪ್ಪನ್ನೂ ಜೋರಾಗಿ ಬಾರಿಸಿಬಿಟ್ಟರು.
ಅವರ ಮುಂದಿನ ಆಲ್ಬಮ್ಮುಗಳನ್ನೂ ಕೇಳಿದೆ, ವರ್ಷಗಳ ಮೇಲೆ.
ಎಲ್ಲ ನಯ, ಎಲ್ಲ ಇಸ್ತ್ರಿ.
ಒಂದು ದಾರವೂ ಹೊರಗೆ ಇಣುಕುವುದಿಲ್ಲ.

ಎ ಸೈಡಿನ ಮೂರನೆಯ ಹಾಡು ಮೆಲ್ಲನೆಯದು.
ಒಂದು ರಾತ್ರಿ ಕರೆಂಟು ಹೋಗಿ ಟೇಪು ಸಿಕ್ಕಿಬಿತ್ತು,
ಪೆನ್ಸಿಲಿನಿಂದ ಸುತ್ತಿ ಸುತ್ತಿ ಬಿಡಿಸಿದೆ.
ಅಂದಿನಿಂದ ಆ ಹಾಡಿನ ನಡುವೆ ಒಂದು ಕಡೆ
ಅವನ ದನಿ ನೀರಿಗಿಳಿದು, ಮುಳುಗಿ, ಎದ್ದು ಬರುತ್ತದೆ.
ಮಾವ ಸರಿಯಾಗಿ ಅಲ್ಲೇ ತಲೆದೂಗುತ್ತಿದ್ದ:
"ಇಲ್ಲಿ ಅಳು ಬಂತು ನೋಡು ಅವಂಗ.
ತಡಕೊಂಡು ಹಾಡ್ಯಾನ."
ನಾನು ಟೇಪಿನ ವಿಷಯ ಹೇಳಲಿಲ್ಲ.

ಮೊನ್ನೆ ಮಗಳು ಫೋನಿನಲ್ಲಿ ಹುಡುಕಿ ಹಾಕಿದಳು.
ಶುಭ್ರ. ಕೆಂಧೂಳಿಲ್ಲ, ಕರಕರ ಇಲ್ಲ.
ಆ ಜಾಗ ಬಂತು. ಉಸಿರು ಹಿಡಿದೆ.
ಅವನು ಮುಳುಗಲೇ ಇಲ್ಲ,
ನೆಟ್ಟಗೆ ದಾಟಿ ಹೋದ.

"ಯಾಕಪ್ಪ, ಇದಲ್ಲೇನು?" ಅಂದಳು.
ವಾಷಿಂಗಿನಿಂದ ಬಂದ ಮುನ್ನೂರು ಪ್ಯಾಂಟಿನ
ದಾರ ಕತ್ತರಿಸುವುದು ಬಾಕಿಯಿತ್ತು.
"ಇದಽ. ಮೊದಲನೇದು ಹಾಕವ್ವ" ಅಂದೆ,
"ಜೋರಾಗಿ.
ಜಲ್ಲಿ ಬೀಳಲಿ."