ನಡುವಿನ ಗೆರೆ

ವಿದರ್ನ್‌ಸೀ ಊರಿನ ಲೈಬ್ರರಿಯಲ್ಲಿ, ಹೀಟರಿನ ಪಕ್ಕ,
ನನ್ನ ನಕಾಶೆಯ ಪರದೆಯನ್ನು ಗೋಡೆಗೆ ಹಾಕಿದ್ದರು.
ಕೆಳಗೊಂದು ಗುಂಡಿ. ಬೆರಳಿಟ್ಟು ಎಳೆದರೆ
ವರ್ಷ ಸರಿಯುತ್ತದೆ, ದಂಡೆ ಸರಿಯುತ್ತದೆ,
ಕಾವಲಿಯ ಮೇಲೆ ದೋಸೆಹಿಟ್ಟು ಹರಡುವ ಹಾಗೆ
ಸಮುದ್ರ ಹರಡುತ್ತದೆ, ಅಂಚು ಹರಿಯದೆ.

ಎಂಟು ತಿಂಗಳ ಕೆಲಸ ಅದು.
ಹದಿನೆಂಟುನೂರ ಐವತ್ತೆರಡರ ಗೆರೆಗೆ ಮುನ್ನೂರ ಹನ್ನೆರಡು ಚುಕ್ಕಿ,
ಈಚಿನದಕ್ಕೆ ನಾನೂರ ಏಳು.
ಆ ಚುಕ್ಕಿ ಈ ಚುಕ್ಕಿಯಾಗಬೇಕು, ಇಷ್ಟೇ ಲೆಕ್ಕ.
ಜೋಡಿ ಸಿಗದ ತೊಂಬತ್ತೈದು
ಪಂಕ್ತಿಯಲ್ಲಿ ಎಲೆ ಸಿಗದ ನೆಂಟರ ಹಾಗೆ
ವಾರಗಟ್ಟಲೆ ಬಾಗಿಲಲ್ಲೇ ನಿಂತಿದ್ದವು.
ಕೊನೆಗೆ ಹಳೆ ಗೆರೆಯಲ್ಲಿ ನಾನೇ ಜಾಗ ಮಾಡಿದೆ,
ಇಲ್ಲದ ಕಡೆ ಚುಕ್ಕಿ ಇಟ್ಟೆ.
ಮೊದಮೊದಲು ತಪ್ಪು ಜೋಡಿ ಬಿದ್ದು
ದಂಡೆ ತನ್ನನ್ನೇ ದಾಟಿಕೊಂಡು ಗಂಟಾಗುತ್ತಿತ್ತು,
ಚರ್ಚು ಹಾರಿ ಯಾರದೋ ಹೊಲದಲ್ಲಿ ಬೀಳುತ್ತಿತ್ತು,
ನಾನೊಬ್ಬಳೇ ನಗುತ್ತಿದ್ದೆ, ರಾತ್ರಿ ಒಂದು ಗಂಟೆಗೆ,
ಹಲ್ ನಗರದ ಬಾಡಿಗೆ ಕೋಣೆಯಲ್ಲಿ.

ಬಂದವರೆಲ್ಲ ಬೆರಳಾಡಿಸಿದರು.
ಒಬ್ಬ ಹುಡುಗ ಸಮುದ್ರವನ್ನು ಹಿಂದಕ್ಕೂ ಮುಂದಕ್ಕೂ
ನಲವತ್ತು ಸಲ ಓಡಿಸಿದ, ತಾಯಿ ಎಳೆದೊಯ್ಯುವ ತನಕ.
ಕೌನ್ಸಿಲ್ಲಿನ ಗ್ರೇಮ್ ಚಂದ ಎಂದ, ಬಿಸ್ಕತ್ತು ತಿಂದ.

ಆಮೇಲೆ ಮಾವಿಸ್ ಹೋಟಮ್ ಬಂದರು.
ಎಂಬತ್ತಮೂರು, ಒದ್ದೆ ಕೋಟು, ಕೈಯಲ್ಲಿ ಆಲೂಗಡ್ಡೆ ಚೀಲ.
ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ
ಒಂದು ಕಡೆ ಉಗುರಿಟ್ಟರು: "ಇದು ನಮ್ಮನೆ."
ಎಳೆದರು, ಮೆಲ್ಲಗೆ.
ಎಪ್ಪತ್ತೈದು. ಎಪ್ಪತ್ತಾರು. ಗೆರೆ ಹತ್ತಿರ ಬಂತು.
ಎಪ್ಪತ್ತೇಳು. ಹಿತ್ತಿಲಿಗೆ ತಾಗಿತು, ಬೆಕ್ಕಿನ ಹಾಗೆ, ಸದ್ದಿಲ್ಲದೆ.
"ಸುಳ್ಳು," ಅಂದರು.

"ಹೀಗೆ ಬರಲಿಲ್ಲ ಅದು.
ಹನ್ನೊಂದು ವರ್ಷ ಒಂದಿಂಚೂ ಅಲುಗಲಿಲ್ಲ.
ನಾವೂ ಮರೆತೆವು, ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದೆವು.
ಆಮೇಲೆ ಎಪ್ಪತ್ತೆಂಟರ ಜನವರಿ, ಒಂದು ರಾತ್ರಿ
ಬಟ್ಟೆ ಒಣಗಿಸುವ ಕಂಬ, ಕೋಳಿಗೂಡು,
ರೆಜ್ ನೆಟ್ಟ ಗೂಸ್‌ಬೆರಿ ಸಾಲು,
ಹನ್ನೆರಡು ಗಜ, ಒಂದೇ ಏಟಿಗೆ.
ಸದ್ದು ಕೂಡ ದೊಡ್ಡದಲ್ಲ,
ಯಾರೋ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.
ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ
ಹೊಸ್ತಿಲಿನಾಚೆ ಮೂರು ಹೆಜ್ಜೆ ನೆಲ, ಆಮೇಲೆ ಬೆಳಕು."

ನಾನು ವಿವರಿಸಿದೆ, ಸ್ವಲ್ಪ ಗತ್ತಿನಿಂದಲೇ:
ನನ್ನ ಬಳಿ ಇರುವುದು ಐದೇ ಸರ್ವೆ, ಐದೇ ಗೆರೆ.
ಉಳಿದವೆಲ್ಲ ನಡುವಿನವು,
ಒಂದು ಆಕಾರ ಇನ್ನೊಂದಾಗುವಾಗ
ಕಂಪ್ಯೂಟರು ಊರಿಕೊಳ್ಳುವ ಕಾಲು.
ಯಾವ ವರ್ಷವೂ ನೆಲ ಆ ರೂಪದಲ್ಲಿ ಇರಲಿಲ್ಲ, ನಿಜ.
ನೋಡುವವರ ಕಣ್ಣು ಎಡವದಿರಲಿ ಎಂದು...

"ನಾನು ಎಡವಿದ್ದೆ," ಅಂದರು ಮಾವಿಸ್.
ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಮರುದಿನ ಕಡಿದಂಚಿಗೆ ಹೋಗಿ ನಿಂತೆ.
ಕಲ್ಲಲ್ಲ ಅದು, ಬರೀ ಜೇಡಿ,
ಕಚ್ಚಿದಲ್ಲಿ ಹಸಿ, ಉಳಿದಲ್ಲಿ ಹುಲ್ಲು.
ಟಾರು ರಸ್ತೆಯೊಂದು ಬಿಳಿ ಪಟ್ಟೆ ಸಮೇತ
ಮಾತು ಮರೆತವನಂತೆ ಗಾಳಿಯಲ್ಲಿ ನಿಂತಿತ್ತು.
ಕೆಳಗೆ ಚಹಾ ಬಣ್ಣದ ಸಮುದ್ರ,
ಯಾರ ಹೊಲವನ್ನೋ ಕರಗಿಸಿಕೊಂಡು.

ಈಗ ನನ್ನ ನಕಾಶೆಯಲ್ಲಿ ಗುಂಡಿ ಎಳೆದರೆ
ಆ ಮನೆಯ ಹತ್ತಿರ ಬಹಳ ಹೊತ್ತು ಏನೂ ಆಗುವುದಿಲ್ಲ.
ಕೆಟ್ಟಿದೆ ಅಂದುಕೊಂಡು ಕೆಲವರು ಗ್ರೇಮನನ್ನು ಕರೆಯುತ್ತಾರೆ.
ಅಷ್ಟರಲ್ಲಿ ಒಂದು ತುಂಡು ತಟ್ಟನೆ ಇಲ್ಲ.
ಮಿಕ್ಕ ಕಡೆಯದು ಹೇಳುವವರು ಸಿಕ್ಕಿಲ್ಲ ಇನ್ನೂ.
ಅಲ್ಲಿ ಗೆರೆ ಮೊದಲಿನಂತೆಯೇ ನಯವಾಗಿ ಸರಿಯುತ್ತದೆ,
ಆದರೆ ಅದನ್ನು ತುಂಡುತುಂಡಾಗಿ ಎಳೆದಿಟ್ಟಿದ್ದೇನೆ,
ಯಾರಾದರೂ ಬಂದು ಉಗುರಿಡಲಿ ಎಂದು.

ಮತ್ತೆ, ಆ ಗೂಸ್‌ಬೆರಿ ಸಾಲಿಗೆ
ನಾಲ್ಕು ಚುಕ್ಕಿ ಹೆಚ್ಚಿಗೆ ಕೊಟ್ಟೆ.
ಹೊಸ ಗೆರೆಯಲ್ಲಿ ಅವಕ್ಕೆ ಜೋಡಿ ಇಲ್ಲ.
ಹುಡುಕಲೂ ಇಲ್ಲ.