ಶೇಡಿ

ಬಾಗಿಲು ಚೌಕಟ್ಟಿನಲ್ಲಿ ಕೂರದೆ ಮೂರು ದಿನವಾಗಿತ್ತು.
ಮಳೆಗೆ ಮರ ಉಬ್ಬುವುದುಂಟು ಅಂದರು ಇವರು,
ಕೀಸುಳಿ ತಂದು ಅಂಚು ಹೆರೆದರು.
ಸಂಜೆಗೆ ಮತ್ತೆ ಕಚ್ಚಿಕೊಂಡಿತು.

ಕುಲಶೇಖರದಿಂದ ಆಚೆ, ಗುಡ್ಡ ಕಡಿದ ಐದು ಸೆಂಟ್ಸಿನಲ್ಲಿ
ನಮ್ಮದು ಕೊನೆಯ ಮನೆ.
ನೆತ್ತಿಯ ಮೇಲೆ ಯಾರದೋ ಫ್ಲ್ಯಾಟು ಏಳಲಿಕ್ಕುಂಟು,
ಈಜುಕೊಳಕ್ಕೆಂದು ತೋಡಿದ ಹೊಂಡದಲ್ಲಿ
ಈಗಲೇ ನೀರು.

ಐತಪ್ಪಣ್ಣ ಬಂದವನು ಬಾಗಿಲು ನೋಡಲಿಲ್ಲ.
ಮೂವತ್ತು ವರ್ಷ ಬಾವಿ ತೋಡಿದ ಕೈ,
ಹಿತ್ತಿಲ ಬರೆಗೆ ಒತ್ತಿ ನಿಂತ,
ಗಬ್ಬದ ದನದ ಹೊಟ್ಟೆ ಮುಟ್ಟಿ
ದಿನ ಎಣಿಸುವವರ ಹಾಗೆ.

"ಮೇಲಿನದು ಮುರಕಲ್ಲು, ಪಿಕ್ಕಾಸಿಗೂ ಬಗ್ಗುವುದಿಲ್ಲ.
ಅಡಿಯಲ್ಲಿ ಉಂಟಲ್ಲ, ಶೇಡಿ,
ಬಿಳಿ, ನಸುಗೆಂಪು, ನೇರಳೆ, ನೋಡಲಿಕ್ಕೆ ಭಾರೀ ಚೆಂದ.
ಒಣಗಿದ್ದರೆ ಕಲ್ಲಿಗೇ ಅಣ್ಣ,
ನೀರು ಕುಡಿದರೆ ಬೆಣ್ಣೆ.
ಗುಡ್ಡದ ಕಾಲು ಜಾರುವುದು ಅಲ್ಲಿಯೇ.
ಬುಡದ ಒರತೆ ತಿಳಿಯಿದ್ದರೆ ಮಲಗಿ.
ಅಕ್ಕಚ್ಚಿನ ಬಣ್ಣ ಬಂತೋ,
ಚಪ್ಪಲಿ ಸಹ ಹುಡುಕಬೇಡಿ."

ಟಿವಿಯಲ್ಲಿ ವಾಯುಭಾರ ಕುಸಿತ ಅಂದರು.
ವಾಯುಭಾರ ಎಲ್ಲಿಗೋ ಹೋಯಿತು,
ಕುಸಿತ ಮಾತ್ರ ಮನೆಯೊಳಗೆ ಉಳಿಯಿತು.

ಮೇ ಮುಗಿದಿರಲಿಲ್ಲ. ಮಳೆ ಬಂದರೂ ಸೆಕೆ ಹೋಗದ ಮಳೆ,
ಉಗುರುಬೆಚ್ಚಗಿನ ಹನಿ,
ಯಾರೋ ಮಿಂದು ಬಿಟ್ಟ ನೀರಿನಂತೆ.

ಅದೇ ರಾತ್ರಿ ಮೈದುನ ವಲೇರಿಯನ್ ಫೋನು,
ಮಿಲಿಟರಿಯವ, ಯಾವ ಬೆಟ್ಟವೆಂದು ಹೇಳುವಂತಿಲ್ಲ.
"ಇಲ್ಲೂ ಬಿಸಿಗಾಳಿ, ಅತ್ತಿಗೆ. ಹಿಮದ ಮೇಲೆ ಮಳೆ.
ಡೇರೆ ಬಿಟ್ಟು ಹೋಗಬಾರದೆಂದು ಆರ್ಡರು.
ಮೇಲೆ ಗಟ್ಟಿ ಹೆಪ್ಪು, ಅಡಿಗೆ ಸಕ್ಕರೆಯಂಥ ಪುಡಿ.
ಕೂಗಿದರೆ ಬೀಳುತ್ತದೆ ಅನ್ನುವುದೆಲ್ಲ ಸುಳ್ಳಂತೆ,
ಒಬ್ಬನ ಭಾರ ಸಾಕಂತೆ."

ನಾನು ಹಿಮ ಕಂಡವಳಲ್ಲ.
ಫ್ರಿಜ್ಜಿನ ಒಳಗೋಡೆಯಲ್ಲಿ ಕೆರೆದು ತೆಗೆದದ್ದು ಅಷ್ಟೇ.
ಆದರೂ "ಶೇಡಿ" ಅಂದೆ.
ಅವನು ಸುಮ್ಮನಾದ. ಆಮೇಲೆ ಫೋನಿನಲ್ಲಿ
ಎರಡು ಕಡೆಯ ಮಳೆ ಮಾತ್ರ.

ಎರಡು ಗಂಟೆಗೆ ಟಾರ್ಚು ಹಿಡಿದು ನೋಡಿದೆ.
ಒರತೆ ಬೆಳ್ಳಗಿತ್ತು.

ಆಚೆಮನೆಯ ಮೈಮುನಾಳ ಮಗುವಿಗೆ ಇಪ್ಪತ್ತು ದಿನ.
ಅವಳ ಗಂಡ ಅಂದ: ಬೆಳಗಾಗಲಿ.
ಅವಳು ಮಗುವನ್ನು ನನ್ನ ಕೈಗಿಟ್ಟು
ಅಲಮಾರಿನಿಂದ ಕೊಡೆ ತೆಗೆದಳು, ಮಾತಾಡಲಿಲ್ಲ.
ಅವನು ಹಿಂದೆಯೇ ಬಂದ.

ಶಾಲೆಯ ಬೀಗ ಒಡೆದವರು ನಮ್ಮವರೇ.
ಹಲಗೆಯಲ್ಲಿ ಇನ್ನೂ ಏಪ್ರಿಲಿನ ತಾರೀಕು,
ಕೆಳಗೆ ಯಾರೋ ಅರ್ಧಕ್ಕೆ ಬಿಟ್ಟ ಭಾಗಾಕಾರ.
ಶೇಷ ಎಷ್ಟೆಂದು ಎಣಿಸುತ್ತ ನಾನು
ಬೆಂಚಿನ ಮೇಲೆ ಬೆಳಗು ಮಾಡಿದೆ.

ಬೆಳಿಗ್ಗೆ ಗುಡ್ಡ ಇದ್ದಲ್ಲೇ ಇತ್ತು.

ನಗು ಬಂತು ಎಲ್ಲರಿಗೂ, ಮೊದಲು ಮೆಲ್ಲ, ಮತ್ತೆ ಜೋರು.
ಬಾವಿಯವನ ಮಾತಿಗೆ ನಿದ್ದೆಗೆಟ್ಟೆವಲ್ಲ ಮಾರಾಯ್ರೆ!
ಬೀಗದ ದುಡ್ಡು ಯಾರು ಕೊಡುವುದು?
ಐತಪ್ಪಣ್ಣ ನಗಲೂ ಇಲ್ಲ, ನಾಚಲೂ ಇಲ್ಲ.
ನನ್ನನ್ನು ನೆತ್ತಿಗೆ ಹತ್ತಿಸಿ
ಬಿಲ್ಡರಿನ ನೀಲಿ ಟಾರ್ಪಾಲು ಎತ್ತಿದ.
ಬಿರುಕು. ಮೊಣಕೈವರೆಗೆ ತೂರಿಸಿ ತೆಗೆದ,
ಬೆರಳ ತುದಿಯಲ್ಲಿ ನೇರಳೆ.
ಆಚೆಗೊಂದು ಗೂಟ, ಈಚೆಗೊಂದು ಗೂಟ,
ನಡುವೆ ನನ್ನ ಟೈಲರಿಂಗಿನ ಕೆಂಪು ನೂಲು.

ಬೆಳಿಗ್ಗೆ ಒಮ್ಮೆ, ಬೈಸಾರಿ ಒಮ್ಮೆ
ನೂಲು ಮುಟ್ಟಿ ಬರುತ್ತೇನೆ.
ನಿನ್ನೆ ಸಡಿಲ ಇತ್ತು. ಇವತ್ತು ಮೀಟಿದರೆ ದನಿ ಉಂಟು.
ಕಚೇರಿಗೆ ಬರೆದ ಅರ್ಜಿಗೆ ಸೀಲು ಬಿದ್ದಿದೆ,
ಸೀಲಿನ ಮೇಲೆ ಮಳೆ ಬಿದ್ದು ಓದಲಾಗುವುದಿಲ್ಲ.

ಈಗ ಇವರು ಒಳಗಿನಿಂದ ಕರೆಯುತ್ತಿದ್ದಾರೆ, ಖುಷಿಯಲ್ಲಿ:
ನೋಡು, ಬಾಗಿಲು ಸರಿಯಾಯಿತು,
ಒಂದು ಬೆರಳಿಗೆ ಮುಚ್ಚುತ್ತದೆ, ಶಬ್ದವೇ ಇಲ್ಲ.

ನಾನು ರೇಷನ್ ಕಾರ್ಡು ಹುಡುಕುತ್ತಿದ್ದೇನೆ.